ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಮೇಲಕ್ಕೆ ಹೋಗುವ ದಾರಿ

ಟ್ರೇ ಮೇಲೆ ಮೂರು ಬಟ್ಟಲು. ಮೂರರಲ್ಲೂ ಇದ್ದದ್ದು ನೀರಿನ ಹಾಗೆ ತಿಳಿಯಾದ ದ್ರವ. ಒಂದು ಸಲೈನ್. ಇನ್ನೊಂದು, ರಕ್ತನಾಳ ಎಕ್ಸ್‌ರೇಯಲ್ಲಿ ಕಾಣಲಿ ಎಂದು ಒಳಗೆ ಬಿಡುವ ಡೈ. ಮೂರನೆಯದು ಚರ್ಮ ಶುಚಿ ಮಾಡುವ ಕ್ಲೋರ್‌ಹೆಕ್ಸಿಡಿನ್. ಯಾವುದು ಯಾವುದು ಎಂದು ಹೇಳುವ ಲೇಬಲ್ ಸರಿಯಾಗಿ ಇರಲಿಲ್ಲ.

ಅದು 2004ರ ನವೆಂಬರ್. ಅಮೆರಿಕದ ಸಿಯಾಟಲ್ ನಗರದ ವರ್ಜೀನಿಯಾ ಮೇಸನ್ ಆಸ್ಪತ್ರೆ. ಮೇರಿ ಮೆಕ್ಲಿಂಟನ್ ಎಂಬ 69 ವರ್ಷದ ಮಹಿಳೆ ಮೆದುಳಿನ ರಕ್ತನಾಳದ ಊತಕ್ಕೆ ಚಿಕಿತ್ಸೆ ಪಡೆಯಲು ಬಂದಿದ್ದರು. ಡೈ ಹೋಗಬೇಕಾದ ಕಡೆ ಕ್ಲೋರ್‌ಹೆಕ್ಸಿಡಿನ್ ಹೋಯಿತು. 19 ದಿನಗಳ ನಂತರ ಅವರು ತೀರಿಕೊಂಡರು.

ತಪ್ಪು ಯಾರದು? ಸಿರಿಂಜ್ ತುಂಬಿದವರದು ಎಂದು ಥಟ್ಟನೆ ಬಾಯಿಗೆ ಬರುತ್ತದೆ. ಸ್ವಲ್ಪ ತಡೆಯಿರಿ. ಆ ಆಸ್ಪತ್ರೆಯಲ್ಲಿ ಮೊದಲು ಚರ್ಮ ಶುಚಿ ಮಾಡಲು ಕಂದು ಬಣ್ಣದ ಅಯೋಡಿನ್ ದ್ರಾವಣ ಬಳಸುತ್ತಿದ್ದರು. ಕಂದು ಬಣ್ಣದ್ದನ್ನು ಯಾರೂ ಡೈ ಎಂದುಕೊಳ್ಳುವ ಹಾಗಿರಲಿಲ್ಲ. ಅದರ ಜಾಗಕ್ಕೆ ಬಣ್ಣವಿಲ್ಲದ ಕ್ಲೋರ್‌ಹೆಕ್ಸಿಡಿನ್ ಬಂತು. ಗುಂಡಿ ತೋಡಿದ್ದು ಆವತ್ತೇ. ಯಾರೋ ಒಬ್ಬರು ಒಂದು ದಿನ ಅದರಲ್ಲಿ ಬೀಳುವುದಷ್ಟೇ ಬಾಕಿ ಇತ್ತು. ಆ ದಿನ ಡ್ಯೂಟಿಯಲ್ಲಿ ಬೇರೆಯವರಿದ್ದರೂ ಬೀಳಬಹುದಿತ್ತು.

ಇಂಥ ಸಾವು ಆದಾಗ ಆಸ್ಪತ್ರೆಗಳು ಸಾಮಾನ್ಯವಾಗಿ ಬಾಗಿಲು ಹಾಕಿಕೊಳ್ಳುತ್ತವೆ. ಒಬ್ಬರ ತಲೆದಂಡ ಆಗುತ್ತದೆ, ಫೈಲು ಮುಚ್ಚುತ್ತದೆ. ವರ್ಜೀನಿಯಾ ಮೇಸನ್ ಹಾಗೆ ಮಾಡಲಿಲ್ಲ. ಆಗ ಅದರ ಮುಖ್ಯಸ್ಥರಾಗಿದ್ದವರು ಗ್ಯಾರಿ ಕ್ಯಾಪ್ಲನ್ ಎಂಬ ವೈದ್ಯರು. ನಮ್ಮಿಂದ ತಪ್ಪಾಗಿದೆ, ಹೀಗೆ ಹೀಗೆ ಆಗಿದೆ ಎಂದು ಆಸ್ಪತ್ರೆ ತಾನಾಗಿಯೇ ಊರಿಗೆಲ್ಲ ಹೇಳಿತು. ಅದು ಎಷ್ಟು ಕಷ್ಟದ ಕೆಲಸ ಎನ್ನುವುದು ಅರ್ಥವಾದರೆ, ಆರೋಗ್ಯ ಸೇವೆಯಲ್ಲಿ 'ನಾಯಕತ್ವ' ಅಂದರೆ ಏನು ಎನ್ನುವುದು ಅರ್ಧ ಅರ್ಥವಾದಂತೆ. ಉಳಿದ ಅರ್ಧವನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಎಷ್ಟು ದೊಡ್ಡ ಸಮಸ್ಯೆ ಇದು

1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಹೊರತಂದಿತು. ಚಿಕಿತ್ಸೆಯಲ್ಲಿ ಆಗುವ ತಪ್ಪುಗಳಿಂದ ಆ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆ ಎಂಬುದು ಅದರ ಅಂದಾಜು. ಲೆಕ್ಕ ಹಾಕಿದ ರೀತಿಯ ಬಗ್ಗೆ ಇಂದಿಗೂ ವಾದ ಇದೆ. ಆದರೆ ಆ ವರದಿ ಬಂದ ಮೇಲೆ 'ನಮ್ಮಲ್ಲಿ ಹಾಗೆಲ್ಲ ಆಗುವುದಿಲ್ಲ' ಎಂದು ಹೇಳುವ ಧೈರ್ಯ ಯಾರಿಗೂ ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಇನ್ನೂ ಸರಳ: ಚಿಕಿತ್ಸೆ ಪಡೆಯುವ ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಆ ಚಿಕಿತ್ಸೆಯಿಂದಲೇ ಏನಾದರೂ ಹಾನಿ ಆಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಡೆಯಬಹುದಾದದ್ದು. 2019ರಿಂದ ಪ್ರತಿ ಸೆಪ್ಟೆಂಬರ್ 17ನ್ನು ವಿಶ್ವ ರೋಗಿ ಸುರಕ್ಷತಾ ದಿನ ಎಂದು ಆಚರಿಸುವುದು ಇದೇ ಕಾರಣಕ್ಕೆ.

ಗುಣಮಟ್ಟ ಮತ್ತು ಸುರಕ್ಷತೆ, ಈ ಎರಡು ಮಾತು ಯಾವಾಗಲೂ ಜೊತೆಗೇ ಬರುತ್ತವೆ. ಸುರಕ್ಷತೆ ಅಂದರೆ ಬಂದವರಿಗೆ ನಮ್ಮಿಂದ ಕೆಡುಕಾಗಬಾರದು. ಗುಣಮಟ್ಟ ಅದಕ್ಕಿಂತ ಅಗಲವಾದದ್ದು. ಸರಿಯಾದ ಚಿಕಿತ್ಸೆ, ಸರಿಯಾದ ಹೊತ್ತಿಗೆ, ಬಡವ ಬಲ್ಲಿದ ಎನ್ನದೆ ಸಿಗಬೇಕು. ಅದನ್ನು ಅಳೆಯುವುದು ಹೇಗೆ? 1966ರಲ್ಲಿ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು ಒಂದು ದಾರಿ ತೋರಿಸಿದರು. ಏನಿದೆ, ಏನು ಮಾಡುತ್ತಾರೆ, ಕೊನೆಗೆ ಏನಾಯಿತು ಎಂಬ ಮೂರು ಪ್ರಶ್ನೆ ಕೇಳಿ ಎಂದರು. ಕಟ್ಟಡ ಚೆನ್ನಾಗಿದೆ, ಯಂತ್ರ ಹೊಸದು ಎನ್ನುವುದು ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ನಾವು ಆಸ್ಪತ್ರೆ ಆರಿಸುವಾಗ ಸಾಮಾನ್ಯವಾಗಿ ನೋಡುವುದೂ ಅದನ್ನೇ, ಅಲ್ವಾ?

ಇದ್ದದ್ದು ಇದ್ದ ಹಾಗೆ ಹೇಳಿದವರ ಪಾಡು

ಕನ್ನಡದಲ್ಲಿ ಒಂದು ಗಾದೆ ಇದೆ: ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು. ರೋಗಿಗಳ ಸುರಕ್ಷತೆಯ ಚರಿತ್ರೆ ಓದುವಾಗ ನನಗೆ ಈ ಗಾದೆ ಮತ್ತೆ ಮತ್ತೆ ನೆನಪಾಗುತ್ತದೆ.

1847. ವಿಯೆನ್ನಾ ನಗರದ ದೊಡ್ಡಾಸ್ಪತ್ರೆ. ಅಲ್ಲಿ ಎರಡು ಹೆರಿಗೆ ವಿಭಾಗ. ಒಂದನ್ನು ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ಸುಮಾರು ನೂರಕ್ಕೆ ಹತ್ತು ಬಾಣಂತಿಯರು ನಂಜಿನಿಂದ ಸಾಯುತ್ತಿದ್ದರು. ಸೂಲಗಿತ್ತಿಯರ ಕಡೆ ನೂರಕ್ಕೆ ನಾಲ್ಕು. ನನ್ನನ್ನು ಮೊದಲ ವಿಭಾಗಕ್ಕೆ ಮಾತ್ರ ಹಾಕಬೇಡಿ ಎಂದು ಹೆಂಗಸರು ಅಂಗಲಾಚುತ್ತಿದ್ದರಂತೆ. ಇಗ್ನಾಟ್ಸ್ ಸೆಮೆಲ್‌ವೈಸ್ ಎಂಬ ಯುವ ವೈದ್ಯ ಕಾರಣ ಹುಡುಕಿದರು. ವೈದ್ಯರು ಹೆಣ ಕೊಯ್ದ ಕೈಯಲ್ಲೇ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಬನ್ನಿ ಎಂದು ಅವರು ಕಟ್ಟುನಿಟ್ಟು ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ ಸುಮಾರು ಎರಡಕ್ಕೆ ಇಳಿಯಿತು.

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಆದರೂ ಹಿರಿಯರು ಒಪ್ಪಲಿಲ್ಲ. ನಿಮ್ಮ ಕೈಯೇ ಆ ತಾಯಂದಿರನ್ನು ಕೊಂದಿದ್ದು ಎಂಬ ಮಾತನ್ನು ಯಾರು ತಾನೇ ಸುಲಭವಾಗಿ ಒಪ್ಪುತ್ತಾರೆ! 1849ರಲ್ಲಿ ಸೆಮೆಲ್‌ವೈಸ್ ಕೆಲಸದ ಅವಧಿ ಮುಂದುವರಿಯಲಿಲ್ಲ. 1865ರಲ್ಲಿ, 47ನೇ ವಯಸ್ಸಿನಲ್ಲಿ, ಮಾನಸಿಕ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಅವರ ಕಥೆಯಲ್ಲಿ ನನಗೆ ಎದ್ದು ಕಾಣುವ ಸಂಗತಿ ಒಂದಿದೆ. ಅವರ ಹತ್ತಿರ ಸತ್ಯ ಇತ್ತು, ಅಂಕಿಅಂಶವೂ ಇತ್ತು. ಇಲ್ಲದೆ ಇದ್ದದ್ದು ಆ ಕೆಟ್ಟ ಸುದ್ದಿಯನ್ನು ಕೇಳಿಸಿಕೊಳ್ಳುವ ಮೇಲಧಿಕಾರಿ.

ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಕೇಳಿದ್ದು ಇನ್ನೂ ಸರಳ ಪ್ರಶ್ನೆ. ಆಪರೇಷನ್ ಆಗಿ ಒಂದು ವರ್ಷ ಕಳೆದ ಮೇಲೆ ರೋಗಿ ಹೇಗಿದ್ದಾರೆ? ಪ್ರತಿ ರೋಗಿಗೂ ಒಂದು ಕಾರ್ಡ್ ಇಟ್ಟು ಅದನ್ನು ಬರೆಯೋಣ, ಚೆನ್ನಾಗಿ ಆಗದಿದ್ದರೆ ಯಾಕೆ ಆಗಲಿಲ್ಲ ಎಂದೂ ಬರೆಯೋಣ ಎಂದರು. ಸೀನಿಯಾರಿಟಿ ನೋಡಿ ಬಡ್ತಿ ಕೊಡುತ್ತಿದ್ದ ದೊಡ್ಡ ಆಸ್ಪತ್ರೆಗೆ ಇದು ಹಿಡಿಸಲಿಲ್ಲ. 1914ರಲ್ಲಿ ಅವರು ಅಲ್ಲಿಂದ ಹೊರಬಂದರು. ತಮ್ಮದೇ ಸಣ್ಣ ಆಸ್ಪತ್ರೆಯಲ್ಲಿ 337 ರೋಗಿಗಳ ಲೆಕ್ಕ ಇಟ್ಟು, ಅದರಲ್ಲಿ ಆದ 123 ತಪ್ಪುಗಳನ್ನು ಅಚ್ಚು ಹಾಕಿಸಿ ಹಂಚಿದರು. ತಮ್ಮ ತಪ್ಪುಗಳನ್ನು! 1940ರಲ್ಲಿ ಅವರು ಸತ್ತಾಗ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಕಲ್ಲು ಇಟ್ಟದ್ದು 2014ರಲ್ಲಿ.

ಇದೆಲ್ಲ ಹಳೇ ಕಾಲದ ಮಾತು ಎನ್ನಬೇಡಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಕ್ಕಳ ಹೃದಯದ ಆಪರೇಷನ್‌ಗಳಲ್ಲಿ ಸಾವು ಜಾಸ್ತಿ ಆಗುತ್ತಿದೆ ಎಂದು ಸ್ಟೀಫನ್ ಬೋಲ್ಸಿನ್ ಎಂಬ ಅರಿವಳಿಕೆ ತಜ್ಞರು 1990ರಿಂದಲೇ ಎಚ್ಚರಿಸುತ್ತಾ ಬಂದರು. ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2001ರಲ್ಲಿ ಬಂದ ವಿಚಾರಣಾ ವರದಿ ಹೇಳಿದ್ದು ಇದು: 1991ರಿಂದ 1995ರ ನಡುವೆ, ಬೇರೆ ಕಡೆಗೆ ಹೋಲಿಸಿದರೆ ಅಲ್ಲಿ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಹೆಚ್ಚಿಗೆ ಸತ್ತಿದ್ದವು. ಬೋಲ್ಸಿನ್ ಅಷ್ಟರಲ್ಲಿ ದೇಶ ಬಿಟ್ಟು ಆಸ್ಟ್ರೇಲಿಯಾ ಸೇರಿದ್ದರು.

ತಪ್ಪು ಜಾಸ್ತಿ ವರದಿ ಆಗುವ ವಾರ್ಡ್ ಒಳ್ಳೆಯದೇ?

ಈ ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು ಏಮಿ ಎಡ್ಮಂಡ್‌ಸನ್ ಅವರ ಅಧ್ಯಯನ. 1990ರ ದಶಕದ ಆರಂಭದಲ್ಲಿ ಅವರು ಸಂಶೋಧನಾ ವಿದ್ಯಾರ್ಥಿನಿ. ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದರಲ್ಲಿ ಸೇರಿಕೊಂಡಿದ್ದರು. ಹೊಂದಿಕೊಂಡು ಕೆಲಸ ಮಾಡುವ, ಒಳ್ಳೆಯ ಮುಖ್ಯಸ್ಥರಿರುವ ತಂಡದಲ್ಲಿ ತಪ್ಪು ಕಮ್ಮಿ ಇರುತ್ತದೆ ಎಂದು ಅವರು ಎಣಿಸಿದ್ದರು. ಎಲ್ಲರೂ ಹಾಗೇ ಎಣಿಸುವುದು.

ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಜಾಸ್ತಿ!

ತಲೆ ಕೆಡಿಸಿಕೊಂಡು ಮತ್ತೆ ನೋಡಿದಾಗ ವಿಷಯ ಗೊತ್ತಾಯಿತು. ಒಳ್ಳೆಯ ತಂಡದವರು ತಪ್ಪು ಜಾಸ್ತಿ ಮಾಡುತ್ತಿರಲಿಲ್ಲ, ಆದ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಬೇರೆ ವಾರ್ಡ್‌ಗಳಲ್ಲಿ ಬೈಗುಳದ ಭಯಕ್ಕೆ ನರ್ಸ್‌ಗಳು ಸುಮ್ಮನಿರುತ್ತಿದ್ದರು. ಅಲ್ಲಿ ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಬಾಯಿ ಬಿಟ್ಟರೆ ಅವಮಾನ ಆಗುವುದಿಲ್ಲ ಎಂಬ ಈ ಧೈರ್ಯಕ್ಕೆ ಎಡ್ಮಂಡ್‌ಸನ್ 'ಸೈಕಲಾಜಿಕಲ್ ಸೇಫ್ಟಿ' ಎಂದು ಕರೆದರು. ನಾವು ಮನಸ್ಸಿನ ನಿರ್ಭಯ ಎನ್ನಬಹುದು.

ಇದರ ಅರ್ಥ ಏನು ನೋಡಿ. ಈ ತಿಂಗಳು ನಮ್ಮಲ್ಲಿ ಒಂದೂ ತಪ್ಪು ವರದಿಯಾಗಿಲ್ಲ ಎಂದು ಬೀಗುವ ಮುಖ್ಯಸ್ಥರಿಗೆ ಆಸ್ಪತ್ರೆಯಲ್ಲಿ ಏನು ನಡೆಯುತ್ತಿದೆ ಎಂದೇ ಗೊತ್ತಿಲ್ಲದಿರಬಹುದು. ವರದಿ ಜಾಸ್ತಿ ಬಂದಾಗ ಹೆದರದೆ, ಬಂತಲ್ಲ ಎಂದು ಸಮಾಧಾನ ಪಡುವವರೇ ಈ ಕೆಲಸಕ್ಕೆ ಬೇಕಾದವರು. ನಾಯಕತ್ವ ಎಂದರೆ ದೊಡ್ಡ ಕುರ್ಚಿ ಮಾತ್ರ ಎಂದುಕೊಳ್ಳಬೇಡಿ. ರಾತ್ರಿ ಪಾಳಿಯ ಹಿರಿಯ ನರ್ಸ್, ಆಪರೇಷನ್ ಕೋಣೆಯ ಅರಿವಳಿಕೆ ತಜ್ಞರು, ಔಷಧ ವಿಭಾಗದ ಮುಖ್ಯಸ್ಥರು, ಎಲ್ಲರೂ ಆ ಹೊತ್ತಿಗೆ ನಾಯಕರೇ. ಕೆಳಗಿನವರೊಬ್ಬರು 'ಸಾರ್, ಇದು ಸರಿ ಕಾಣುತ್ತಿಲ್ಲ' ಎಂದಾಗ ಅವರ ಮುಖ ಹೇಗಾಗುತ್ತದೆ ಎನ್ನುವುದರ ಮೇಲೆ ಮುಂದಿನದು ನಿಂತಿದೆ. ಒಂದು ಸಲ ಮುಖ ಸಿಂಡರಿಸಿದರೆ ಸಾಕು. ಎರಡನೇ ಸಲ ಆ ಮಾತು ಬರುವುದಿಲ್ಲ.

ಐದೇ ಸಾಲಿನ ಪಟ್ಟಿ

2001ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಐಸಿಯು ತಜ್ಞ ಪೀಟರ್ ಪ್ರೊನೊವೊಸ್ಟ್ ಒಂದು ಸಣ್ಣ ಪಟ್ಟಿ ಮಾಡಿದರು. ದೊಡ್ಡ ರಕ್ತನಾಳಕ್ಕೆ ನಳಿಗೆ ಹಾಕುವಾಗ ಸೋಂಕು ಒಳಗೆ ಹೋಗದಂತೆ ಐದು ಹೆಜ್ಜೆ. ಕೈ ತೊಳೆಯಿರಿ. ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿ ಮಾಡಿ. ರೋಗಿಯ ಮೈಯನ್ನು ಪೂರ್ತಿ ಶುದ್ಧ ಬಟ್ಟೆಯಿಂದ ಮುಚ್ಚಿ, ನೀವೂ ಗೌನು, ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಆದಷ್ಟೂ ತೊಡೆಯ ಸಂದಿನಲ್ಲಿ ನಳಿಗೆ ಹಾಕಬೇಡಿ. ಬೇಡವಾದ ನಳಿಗೆಯನ್ನು ತೆಗೆದುಬಿಡಿ. (ಮೆಕ್ಲಿಂಟನ್ ಅವರ ಜೀವ ತೆಗೆದ ದ್ರವವೇ ಇಲ್ಲಿ ಜೀವ ಉಳಿಸುತ್ತದೆ. ಔಷಧದಲ್ಲಿ ಒಳ್ಳೆಯದು ಕೆಟ್ಟದ್ದು ಎಂದು ಇಲ್ಲ, ಅದು ಎಲ್ಲಿ ಹೋಗುತ್ತದೆ ಎನ್ನುವುದೇ ಮುಖ್ಯ.)

ಇದರಲ್ಲಿ ಹೊಸದೇನೂ ಇಲ್ಲ. ಎಲ್ಲ ವೈದ್ಯರಿಗೂ ಗೊತ್ತಿದ್ದದ್ದೇ. ಆದರೆ ಒಂದು ತಿಂಗಳು ನರ್ಸ್‌ಗಳು ಸುಮ್ನೆ ಗಮನಿಸಿದಾಗ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ರೋಗಿಗಳಲ್ಲಿ ಯಾವುದಾದರೂ ಒಂದು ಹೆಜ್ಜೆ ತಪ್ಪಿಹೋಗುತ್ತಿತ್ತು. ಆಗ ಪ್ರೊನೊವೊಸ್ಟ್ ಮಾಡಿದ ಕೆಲಸದಲ್ಲಿ ಪಟ್ಟಿಗಿಂತ ದೊಡ್ಡದು ಇನ್ನೊಂದಿತ್ತು. ಹೆಜ್ಜೆ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಡಿ ಎಂದು ಆಡಳಿತವನ್ನು ಒಪ್ಪಿಸಿದರು. ನರ್ಸ್ ಹೇಳಿದ್ದನ್ನು ವೈದ್ಯರು ಕೇಳದಿದ್ದರೆ ಆಡಳಿತ ನರ್ಸ್ ಬೆನ್ನಿಗೆ ನಿಲ್ಲುತ್ತದೆ. ಐಸಿಯುನಲ್ಲಿ ಕೆಲಸ ಮಾಡಿದವರಿಗೆ ಇದು ಎಂಥ ತಲೆಕೆಳಗಿನ ಬದಲಾವಣೆ ಎಂದು ಗೊತ್ತಿರುತ್ತದೆ.

ಮುಂದೆ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳು ಇದನ್ನು ಕೈಗೆತ್ತಿಕೊಂಡವು. ಪ್ರತಿ ಐಸಿಯುಗೆ ಆಸ್ಪತ್ರೆಯ ಒಬ್ಬ ದೊಡ್ಡ ಅಧಿಕಾರಿ ಜವಾಬ್ದಾರಿ. ಅವರು ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗಿ ಸಿಬ್ಬಂದಿಯ ಕಷ್ಟ ಕೇಳಬೇಕು. ಹೋದಾಗ ಏನು ಕಂಡಿತು? ಮೂರನೇ ಒಂದು ಭಾಗದಷ್ಟು ಐಸಿಯುಗಳಲ್ಲೂ ಕ್ಲೋರ್‌ಹೆಕ್ಸಿಡಿನ್ ಇರಲಿಲ್ಲ! ಪಟ್ಟಿಯಲ್ಲಿ ಬರೆದದ್ದನ್ನು ಮಾಡಲು ಸಾಮಾನೇ ಇಲ್ಲ. ನರ್ಸ್ ಕೇಳಿದರೆ ತಿಂಗಳುಗಟ್ಟಲೆ ಆಗುವ ಕೆಲಸ, ಹಣಕಾಸು ಕೈಯಲ್ಲಿರುವ ಅಧಿಕಾರಿ ಕಣ್ಣಾರೆ ಕಂಡಾಗ ಕೆಲವೇ ವಾರಗಳಲ್ಲಿ ಆಯಿತು. ಒಂದೂವರೆ ವರ್ಷದಲ್ಲಿ ಸೋಂಕು ನೂರಕ್ಕೆ 66ರಷ್ಟು ಇಳಿಯಿತು. ಫಲಿತಾಂಶ ಪ್ರಕಟವಾದದ್ದು 2006ರಲ್ಲಿ.

ಆಪರೇಷನ್ ಕೋಣೆಗೂ ಇಂಥದ್ದೇ ಪಟ್ಟಿ ಬಂತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅಮೆರಿಕದ ಶಸ್ತ್ರವೈದ್ಯ ಅತುಲ್ ಗವಾಂಡೆ ಮುಂದಾಳತ್ವದ ತಂಡ ಮಾಡಿದ 19 ಅಂಶಗಳ ಚೆಕ್‌ಲಿಸ್ಟ್ ಅದು. ನವದೆಹಲಿ, ಲಂಡನ್, ಮನಿಲಾ, ಟಾಂಜಾನಿಯಾದ ಇಫಕಾರಾ ಸೇರಿ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದರು. ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ಪ್ರಕಟವಾಯಿತು. ಅರಿವಳಿಕೆ ಕೊಡುವ ಮುಂಚೆ, ಕತ್ತರಿಸುವ ಮುಂಚೆ, ರೋಗಿ ಕೋಣೆಯಿಂದ ಹೊರಡುವ ಮುಂಚೆ, ಹೀಗೆ ಮೂರು ಸಲ ನಿಂತು ಜೋರಾಗಿ ಓದುವುದು. ತಂಡದವರೆಲ್ಲ ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳುವುದೂ ಅದರಲ್ಲಿ ಒಂದು ಅಂಶ. ಇದೇನು ಮಕ್ಕಳಾಟ ಎನ್ನಿಸಬಹುದು. ಆದರೆ ಒಂದು ಸಲ ಬಾಯಿ ತೆರೆದವರು ಇನ್ನೊಂದು ಸಲ ತೆರೆಯುವುದು ಸುಲಭ. ಹೆಸರು ಗೊತ್ತಿರುವವರನ್ನು ತಡೆದು ನಿಲ್ಲಿಸುವುದೂ ಸುಲಭ.

ಹಾಗಾದರೆ ಪಟ್ಟಿ ತಂದು ಗೋಡೆಗೆ ಅಂಟಿಸಿದರೆ ಆಯಿತಲ್ಲ? ಇಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2010ರಿಂದ, ಚೆಕ್‌ಲಿಸ್ಟ್ ಎಷ್ಟು ಬಳಸಿದ್ದೀರಿ ಎಂದು ಎಲ್ಲ ಆಸ್ಪತ್ರೆಗಳೂ ಬಹಿರಂಗ ಮಾಡಬೇಕು ಎಂಬ ನಿಯಮ ಬಂತು. ಹೆಚ್ಚೂ ಕಡಿಮೆ ಎಲ್ಲ ಆಪರೇಷನ್‌ಗಳಲ್ಲೂ ಬಳಸಿದ್ದೇವೆ ಎಂದು ಆಸ್ಪತ್ರೆಗಳು ಬರೆದುಕೊಟ್ಟವು. ಸಂಶೋಧಕರು 101 ಆಸ್ಪತ್ರೆಗಳ ಲೆಕ್ಕ ನೋಡಿದರು. ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿರಲಿಲ್ಲ. ಅದೇ ಚೆಕ್‌ಲಿಸ್ಟನ್ನು ಅಮೆರಿಕದ ಸೌತ್ ಕೆರೊಲಿನಾದಲ್ಲಿ ಬಲವಂತ ಮಾಡದೆ ತಂದರು. ಒಪ್ಪಿ ಬಂದ ಆಸ್ಪತ್ರೆಗಳಿಗೆ ತರಬೇತಿ ಕೊಟ್ಟರು, ಪಟ್ಟಿಯನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳಲು ಬಿಟ್ಟರು. ಕಾರ್ಯಕ್ರಮ ಪೂರ್ತಿ ಮುಗಿಸಿದ 14 ಆಸ್ಪತ್ರೆಗಳಲ್ಲಿ, ಆಪರೇಷನ್ ಆದ 30 ದಿನಗಳೊಳಗಿನ ಸಾವು ನೂರಕ್ಕೆ 3.38ರಿಂದ 2.84ಕ್ಕೆ ಇಳಿಯಿತು. ಉಳಿದ ಆಸ್ಪತ್ರೆಗಳಲ್ಲಿ ಇಳಿಯಲಿಲ್ಲ.

ಕಾಗದ ಒಂದೇ. ಒಂದು ಕಡೆ ಕಾಟಾಚಾರಕ್ಕೆ ಟಿಕ್ ಬಿತ್ತು, ಇನ್ನೊಂದು ಕಡೆ ಜನ ನಿಜವಾಗಿ ಮಾತಾಡಿದರು. ಎರಡೂ ಕಡೆಯ ಆಸ್ಪತ್ರೆ, ರೋಗಿಗಳು ಬೇರೆ ಬೇರೆ, ಹಾಗಾಗಿ ನೇರ ಹೋಲಿಕೆ ಸರಿಯಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೂ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮೇಲಿನವರು ಸುತ್ತೋಲೆ ಕಳಿಸಿ ಕೈ ತೊಳೆದುಕೊಂಡರೆ ಕೆಳಗಿನವರು ಟಿಕ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ಶಿಕ್ಷೆ ಯಾರಿಗೆ, ಯಾವಾಗ

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಯಾರನ್ನೂ ದೂರಬೇಡಿ ಎಂದರೆ ಹೊಣೆ ಯಾರದು? ಸತ್ತವರ ಮನೆಯವರಿಗೆ ಏನು ಹೇಳುವುದು?

ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಕೊಟ್ಟ ಚಿತ್ರ ಈಗ ಎಲ್ಲ ತರಬೇತಿಗಳಲ್ಲೂ ಇರುತ್ತದೆ. ತೂತುಗಳಿರುವ ಚೀಸ್ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ. ಒಂದೊಂದು ಬಿಲ್ಲೆಯೂ ಒಂದೊಂದು ಕಾವಲು. ಒಂದರ ತೂತಿಗೆ ಇನ್ನೊಂದು ಅಡ್ಡ ಇರುತ್ತದೆ, ಹಾಗಾಗಿ ತಪ್ಪು ದಾಟುವುದಿಲ್ಲ. ಎಲ್ಲ ತೂತುಗಳೂ ನೇರಕ್ಕೆ ಬಂದ ದಿನ ಅನಾಹುತ. ಕೊನೆಯ ಬಿಲ್ಲೆಯ ಹತ್ತಿರ ನಿಂತಿರುವವರು ಹೆಚ್ಚಾಗಿ ಒಬ್ಬ ನರ್ಸ್ ಅಥವಾ ಕಿರಿಯ ವೈದ್ಯರು. ಅವರೊಬ್ಬರನ್ನು ಎತ್ತಂಗಡಿ ಮಾಡಿದರೆ ತೂತುಗಳೇನೂ ಮುಚ್ಚುವುದಿಲ್ಲ.

ಹಾಗೆಂದು ಎಲ್ಲವನ್ನೂ ವ್ಯವಸ್ಥೆಯ ಮೇಲೆ ಹಾಕಲೂ ಆಗದು. ಅದಕ್ಕೇ ಮೂರು ಬಗೆ ಮಾಡಿ ನೋಡುತ್ತಾರೆ. ಗಮನ ತಪ್ಪಿ ಆದದ್ದು ಒಂದು. ಅವರಿಗೆ ಸಮಾಧಾನ ಹೇಳಬೇಕು, ಕೆಲಸದ ರೀತಿ ಸರಿ ಮಾಡಬೇಕು. ಎಲ್ಲರೂ ಮಾಡುತ್ತಾರೆ ಎಂದು ಹಿಡಿದ ಅಡ್ಡದಾರಿ ಇನ್ನೊಂದು. ಅವರಿಗೆ ತಿಳಿಹೇಳಬೇಕು, ಆ ಅಡ್ಡದಾರಿ ಯಾಕೆ ಬೇಕಾಯಿತು ಎಂದೂ ಹುಡುಕಬೇಕು. ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದು ಮೂರನೆಯದು. ಅಲ್ಲಿ ಶಿಕ್ಷೆ ಆಗಲೇಬೇಕು. ತಪ್ಪು ಮುಚ್ಚಿಟ್ಟದ್ದನ್ನೂ ನಾನು ಇದರ ಜೊತೆಗೇ ಇಡುತ್ತೇನೆ. ಗಮನಿಸಿ, ಈ ವಿಂಗಡಣೆಯಲ್ಲಿ ರೋಗಿಗೆ ಎಷ್ಟು ಹಾನಿಯಾಯಿತು ಎನ್ನುವುದು ಬರುವುದಿಲ್ಲ. ಅದೇ ತಪ್ಪು ನಿನ್ನೆ ಯಾರಿಗೂ ಏನೂ ಮಾಡದೆ ದಾಟಿ ಹೋಗಿರಬಹುದು. ಅದೃಷ್ಟದಿಂದ ಪಾರಾದದ್ದನ್ನೂ ವರದಿ ಮಾಡಿ ಎಂದು ಕೇಳುವುದು ಅದಕ್ಕೇ. ನಾಳೆ ಬೀಳುವ ಗುಂಡಿಯನ್ನು ಇವತ್ತೇ ತೋರಿಸುವ ವರದಿ ಅದು.

ತಪ್ಪು ಮಾಡಿದ ವೈದ್ಯರು, ನರ್ಸ್‌ಗಳ ಪಾಡೂ ಇದೆ. ರಾತ್ರಿ ನಿದ್ದೆ ಬರುವುದಿಲ್ಲ, ಕೈ ನಡುಗುತ್ತದೆ, ಕೆಲವರು ಕೆಲಸವನ್ನೇ ಬಿಡುತ್ತಾರೆ. ಆಲ್ಬರ್ಟ್ ವು ಎಂಬ ವೈದ್ಯರು 2000ದಲ್ಲಿ ಇವರನ್ನು 'ಎರಡನೇ ಬಲಿಪಶು' ಎಂದು ಕರೆದರು. ಆ ಹೆಸರು ರೋಗಿಗಳ ಮನೆಯವರಿಗೆ ನೋವು ಕೊಡುತ್ತದೆ ಎಂಬ ಮಾತೂ ಇದೆ. ಎರಡೂ ನಿಜ ಎನಿಸುತ್ತದೆ ನನಗೆ.

ಮನೆಯವರಿಗೆ ಏನು ಹೇಳುವುದು ಎಂಬುದಕ್ಕೆ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆ ಒಂದು ಉತ್ತರ ಕೊಟ್ಟಿತು. 2001ರಿಂದ ಅಲ್ಲಿ ಆದದ್ದನ್ನು ಹೇಳಿ, ಕ್ಷಮೆ ಕೇಳಿ, ತಾವಾಗಿಯೇ ಪರಿಹಾರ ಕೊಡುವ ಪದ್ಧತಿ ಶುರುವಾಯಿತು. ಹೀಗೆ ಒಪ್ಪಿಕೊಂಡರೆ ಕೋರ್ಟಿಗೆ ಅಲೆದೇ ಮುಳುಗಿಹೋಗುತ್ತೇವೆ ಎಂದು ವಕೀಲರು ಹೆದರುವುದು ಸಹಜ. ಆದದ್ದು ಬೇರೆ. ಹೊಸದಾಗಿ ಬರುವ ಪರಿಹಾರದ ದಾವೆಗಳು ಕಮ್ಮಿಯಾದವು. ಜನ ಕೋರ್ಟಿಗೆ ಹೋಗುವುದು ಬಹಳ ಸಲ ದುಡ್ಡಿಗಾಗಿ ಅಲ್ಲ, ನಿಜ ಏನು ಎಂದು ಯಾರೂ ಹೇಳದೆ ಇದ್ದಾಗ.

ನೆನಪಿಗಿಂತ ಗಟ್ಟಿ ಕಾವಲು

ಇನ್ನು ಮೇಲೆ ಹುಷಾರಾಗಿರಿ ಎನ್ನುವುದು ಅತಿ ದುರ್ಬಲವಾದ ಪರಿಹಾರ. ತಪ್ಪು ಮಾಡಲು ಸಾಧ್ಯವೇ ಇಲ್ಲದಂತೆ ವಸ್ತುವನ್ನೇ ಬದಲಿಸುವುದು ಅತಿ ಗಟ್ಟಿಯಾದದ್ದು. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಇದೆ. ಅದು ರಕ್ತನಾಳಕ್ಕೆ ಹೋಗಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಹೆಚ್ಚೂ ಕಡಿಮೆ ಸಾವು ಖಚಿತ. ಬೆನ್ನಿಗೆ ಕೊಡುವ ಬೇರೆ ಔಷಧವೂ ಸಿರಿಂಜ್‌ನಲ್ಲೇ ಬರುತ್ತಿದ್ದರಿಂದ, ಎಷ್ಟು ಎಚ್ಚರಿಕೆ ಬರೆದರೂ ಬೇರೆ ಬೇರೆ ದೇಶಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಆಯಿತು. ಪರಿಹಾರ ಬಹಳ ಸರಳವಾಗಿತ್ತು. ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜ್‌ನಲ್ಲಿ ಕೊಡಲೇಬೇಡಿ, ಸಣ್ಣ ಡ್ರಿಪ್ ಚೀಲದಲ್ಲಿ ಕೊಡಿ. ಡ್ರಿಪ್ ಚೀಲವನ್ನು ಬೆನ್ನಿಗೆ ಚುಚ್ಚಲು ಯಾರಿಗೂ ಕೈ ಬರುವುದಿಲ್ಲ. ನೇರವಾಗಿ ರಕ್ತಕ್ಕೆ ಹೋದರೆ ಹೃದಯವನ್ನೇ ನಿಲ್ಲಿಸಬಲ್ಲ ಗಾಢವಾದ ಪೊಟ್ಯಾಸಿಯಂ ದ್ರಾವಣವನ್ನು ವಾರ್ಡಿನ ಕಪಾಟಿನಿಂದಲೇ ತೆಗೆದುಬಿಟ್ಟದ್ದೂ ಇದೇ ಜಾತಿಯ ಕೆಲಸ. ಇಂಥ ಬದಲಾವಣೆಯನ್ನು ವಾರ್ಡಿನ ನರ್ಸ್ ತಾನಾಗಿಯೇ ಮಾಡಲು ಆಗುವುದಿಲ್ಲ. ಖರೀದಿ, ಔಷಧ ವಿಭಾಗ, ವೈದ್ಯರು ಎಲ್ಲರನ್ನೂ ಒಪ್ಪಿಸುವವರು ಮೇಲೆ ಇರಬೇಕು.

ಮೇಲೆ ಕುಳಿತವರು ಬರೀ ಅಂಕಿ ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ಉದಾಹರಣೆ ಇದೆ. 2005ರಿಂದ 2009ರ ನಡುವೆ ಅಲ್ಲಿನ ಆಡಳಿತ ಮಂಡಳಿಯ ಗಮನವೆಲ್ಲ ಖರ್ಚು ಕಡಿತ, ಸರ್ಕಾರದ ಗುರಿ, ಹೊಸ ಸ್ಥಾನಮಾನ ಪಡೆಯುವುದರ ಮೇಲೇ ಇತ್ತು. ವಾರ್ಡುಗಳಲ್ಲಿ ಸಿಬ್ಬಂದಿ ಸಾಲದೆ ರೋಗಿಗಳಿಗೆ ನೀರು ಕೊಡುವವರೂ ಇಲ್ಲದ ಸ್ಥಿತಿ. ತಾಯಿಯನ್ನು ಕಳೆದುಕೊಂಡ ಜೂಲಿ ಬೇಯ್ಲಿ ಎಂಬ ಮಹಿಳೆ ಬೇರೆ ಕುಟುಂಬಗಳನ್ನು ಸೇರಿಸಿಕೊಂಡು ಹೋರಾಡಿದ ಮೇಲೆ ಅದು ಬೆಳಕಿಗೆ ಬಂತು. 2013ರ ವಿಚಾರಣಾ ವರದಿಯಲ್ಲಿ 290 ಶಿಫಾರಸುಗಳಿದ್ದವು. ಕೆಟ್ಟ ಸುದ್ದಿಗೆ ಒಳಗಿನ ದಾರಿ ಮುಚ್ಚಿದ್ದರಿಂದ ಅದು ಬೀದಿಯಿಂದ ಬರಬೇಕಾಯಿತು.

ವಿಮಾನದಿಂದ ಕಲಿತದ್ದು

2005ರಲ್ಲಿ ಇಂಗ್ಲೆಂಡಿನ ಪೈಲಟ್ ಮಾರ್ಟಿನ್ ಬ್ರೋಮಿಲಿ ಅವರ ಪತ್ನಿ ಇಲೇನ್ ಮೂಗಿನ ಪಕ್ಕದ ಸೈನಸ್‌ಗೆ ಸಣ್ಣ ಆಪರೇಷನ್ ಎಂದು ದಾಖಲಾದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಹೋಯಿತು. ಅನುಭವಿ ವೈದ್ಯರು ಗಂಟಲಿಗೆ ಕೊಳವೆ ಹಾಕಲು ಮತ್ತೆ ಮತ್ತೆ ಯತ್ನಿಸಿದರು. ಅದರಲ್ಲೇ ಮುಳುಗಿಹೋದರು, ಎಷ್ಟು ಹೊತ್ತಾಯಿತು ಎಂಬ ಅರಿವೇ ತಪ್ಪಿತು. ಒಬ್ಬ ನರ್ಸ್ ಕತ್ತಿನಲ್ಲಿ ತೂತು ಮಾಡಿ ಉಸಿರಾಡಿಸುವ ಸಲಕರಣೆ ತಂದು, ಇದು ಸಿದ್ಧ ಇದೆ ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಅದಕ್ಕಿಂತ ಜೋರಾಗಿ ಹೇಳುವ ದಾರಿ ಅವರಿಗೆ ತಿಳಿದಿರಲಿಲ್ಲ. ಇಲೇನ್ ಮತ್ತೆ ಎಚ್ಚರಗೊಳ್ಳಲಿಲ್ಲ.

ಬ್ರೋಮಿಲಿಗೆ ಇದು ಎಲ್ಲೋ ಕೇಳಿದ ಕಥೆ ಎನಿಸಿತು. 1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ವಿಮಾನ ಡಿಕ್ಕಿಯಾಗಿ 583 ಜನ ಸತ್ತಾಗಲೂ, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನ ಪಟ್ಟಿದ್ದರು. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದ್ದರು. ಆಮೇಲೆ ವಿಮಾನ ಕ್ಷೇತ್ರ, ಕಿರಿಯರು ಹೇಗೆ ತಡೆಯಬೇಕು, ಹಿರಿಯರು ಹೇಗೆ ಕೇಳಬೇಕು ಎನ್ನುವುದನ್ನು ತರಬೇತಿಯಾಗಿ ಕಲಿಸಲು ಶುರುಮಾಡಿತು. ಬ್ರೋಮಿಲಿ ವೈದ್ಯರ ತಲೆ ಕೇಳಲಿಲ್ಲ. ಏನಾಯಿತು ಎಂದು ತನಿಖೆ ಮಾಡಿ, ಅದರಿಂದ ಕಲಿಯಿರಿ ಎಂದರು. 2007ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು. ಯಾವ ಹುದ್ದೆಯೂ ಇಲ್ಲದ ಅವರನ್ನು ನಾನು ಈ ಕ್ಷೇತ್ರದ ದೊಡ್ಡ ನಾಯಕರ ಸಾಲಿನಲ್ಲೇ ಇಡುತ್ತೇನೆ.

ಈಗ ಎಷ್ಟೋ ಆಸ್ಪತ್ರೆಗಳಲ್ಲಿ ಬೆಳಗ್ಗೆ ಹದಿನೈದು ನಿಮಿಷ ಎಲ್ಲ ವಿಭಾಗದವರೂ ನಿಂತುಕೊಂಡೇ ಸೇರುತ್ತಾರೆ. ನಿನ್ನೆ ಏನಾದರೂ ತಪ್ಪಿತೇ? ಇವತ್ತು ಯಾವುದರ ಬಗ್ಗೆ ಭಯ ಇದೆ? ಒಂದೇ ಹೆಸರಿನ ಇಬ್ಬರು ರೋಗಿಗಳು ಒಂದೇ ವಾರ್ಡಿನಲ್ಲಿದ್ದಾರೆ ಎಂಬಂಥ ಮಾತು ಅಲ್ಲಿ ಬರುತ್ತದೆ. ನರ್ಸ್ ಪ್ರತಿ ಸಲವೂ ನಮ್ಮ ಹೆಸರು, ಹುಟ್ಟಿದ ದಿನ ಕೇಳುವುದರ ಹಿಂದೆ ಇಂಥದ್ದೇ ಭಯ ಇದೆ. ಎಷ್ಟು ಸಲ ಕೇಳ್ತೀರಿ ಎಂದು ಅಮ್ಮನ ಹಾಸಿಗೆ ಪಕ್ಕ ಕೂತು ನಾನೂ ಹಿಂದೊಮ್ಮೆ ರೇಗಿದ್ದೆ. ಈಗ ಕೇಳದಿದ್ದರೆ ಭಯವಾಗುತ್ತದೆ.

ವರ್ಜೀನಿಯಾ ಮೇಸನ್ ಆಸ್ಪತ್ರೆಗೆ ವಾಪಸ್ ಬರೋಣ. ಕ್ಯಾಪ್ಲನ್ ಮತ್ತು ತಂಡ 2002ರಲ್ಲಿ ಜಪಾನಿಗೆ ಹೋಗಿ ಟೊಯೋಟಾ ಕಾರ್ಖಾನೆಯ ಪದ್ಧತಿ ನೋಡಿ ಬಂದಿದ್ದರು. ಅಲ್ಲಿ ಯಾವ ಕಾರ್ಮಿಕ ಬೇಕಾದರೂ ಹಗ್ಗ ಎಳೆದು ಕೆಲಸ ನಿಲ್ಲಿಸಬಹುದು. ಅದೇ ಮಾದರಿಯಲ್ಲಿ, ರೋಗಿಗೆ ಅಪಾಯ ಕಂಡರೆ ಯಾವ ಸಿಬ್ಬಂದಿಯೂ ಎಚ್ಚರಿಕೆ ಕೊಟ್ಟು ಕೆಲಸ ನಿಲ್ಲಿಸುವ ವ್ಯವಸ್ಥೆ ತಂದಿದ್ದರು. ಅದು ಬಂದು ಎರಡು ವರ್ಷವಾದರೂ ಮೆಕ್ಲಿಂಟನ್ ಅವರನ್ನು ಉಳಿಸಲಾಗಲಿಲ್ಲ. ಹಗ್ಗ ಎಳೆಯಲು ಜನಕ್ಕೆ ಇನ್ನೂ ಧೈರ್ಯ ಬಂದಿರಲಿಲ್ಲ. ಶುರುವಿನಲ್ಲಿ ತಿಂಗಳಿಗೆ ಬೆರಳೆಣಿಕೆಯಷ್ಟು ಎಚ್ಚರಿಕೆ ಬರುತ್ತಿದ್ದವು. ಆ ಸಾವನ್ನು ಬಹಿರಂಗವಾಗಿ ಒಪ್ಪಿಕೊಂಡ ನಂತರದ ವರ್ಷಗಳಲ್ಲಿ ಅವು ನೂರಾರಾದವು. ಪ್ರತಿ ವರ್ಷ ಸುರಕ್ಷತೆಗಾಗಿ ಅತಿ ಒಳ್ಳೆಯ ಕೆಲಸ ಮಾಡಿದ ತಂಡಕ್ಕೆ ಅಲ್ಲಿ ಮೆಕ್ಲಿಂಟನ್ ಹೆಸರಿನಲ್ಲೇ ಒಂದು ಪ್ರಶಸ್ತಿ ಕೊಡುತ್ತಾರೆ.

ಇನ್ನು ಆ ಬಟ್ಟಲುಗಳು. ಕಾಡ್‌ಮನ್ ಮತ್ತು ಅವರ ಜೊತೆಯವರು ಶುರುಮಾಡಿದ ಆಸ್ಪತ್ರೆ ತಪಾಸಣೆಯಿಂದ ಬೆಳೆದು ಬಂದ ಸಂಸ್ಥೆ ಅಮೆರಿಕದ ಜಾಯಿಂಟ್ ಕಮಿಷನ್. ಅದರ ಸುರಕ್ಷತಾ ನಿಯಮಗಳಲ್ಲಿ ಒಂದು ಹೀಗಿದೆ: ಆಪರೇಷನ್ ಟ್ರೇಯ ಮೇಲಿನ ಪ್ರತಿ ಸಿರಿಂಜ್, ಪ್ರತಿ ಬಟ್ಟಲಿಗೂ ಲೇಬಲ್ ಇರಬೇಕು. ಬಳಸುವ ಔಷಧ ಒಂದೇ ಆಗಿದ್ದರೂ.